ಎಂಬತ್ತು ಅಕ್ಷರದ ಶಿಸ್ತು

2020ರ ಮೇ ತಿಂಗಳ ಕೊನೆಯಲ್ಲಿ ಲಿನಕ್ಸ್ ಕರ್ನಲ್ ಬರೆಯುವವರ ನಡುವೆ ಒಂದು ವಾಗ್ವಾದ ನಡೆಯಿತು. ಕೋಡಿನ ಒಂದು ಸಾಲು 80 ಅಕ್ಷರ ದಾಟಬಹುದೇ, ದಾಟಬಾರದೇ ಎಂಬುದು ವಿಷಯ. ಹೊರಗಿನವರಿಗೆ ನಗು ಬರಬಹುದು. ಆಂಡ್ರಾಯ್ಡ್ ಫೋನುಗಳನ್ನೂ ಇಂಟರ್ನೆಟ್‌ನ ಬಹುಪಾಲು ಸರ್ವರ್‌ಗಳನ್ನೂ ನಡೆಸುವ ತಂತ್ರಾಂಶದ ಹಿರಿಯರು ಲಾಕ್‌ಡೌನ್ ಮಧ್ಯೆ ಕೂತು ಸಾಲಿನ ಉದ್ದದ ಬಗ್ಗೆ ಇಮೇಲ್ ಮೇಲೆ ಇಮೇಲ್ ಬರೆದರು. ಕೊನೆಗೆ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತೀರ್ಪು ಕೊಟ್ಟರು: ಉದ್ದದ ಸಾಲನ್ನು ಸುಮ್ಮಸುಮ್ಮನೆ ತುಂಡರಿಸುವುದೇ ದೊಡ್ಡ ತೊಂದರೆ, ಹುಡುಕಿದ ಪದ ಎರಡು ಸಾಲಿಗೆ ಹರಿದು ಹಂಚಿಹೋದರೆ ಗ್ರೆಪ್‌ನಂಥ ಹುಡುಕು ಸಾಧನಕ್ಕೂ ಸಿಗುವುದಿಲ್ಲ. ಕೋಡಿನಲ್ಲಿ ಕೊಕ್ಕೆ ಹುಡುಕುವ ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಅದುವರೆಗೆ 80 ದಾಟಿದ ಕೂಡಲೇ ಗೊಣಗುತ್ತಿತ್ತು. 5.7ನೇ ಆವೃತ್ತಿಯಿಂದ ಅದು 100ರವರೆಗೆ ಸುಮ್ಮನಿರತೊಡಗಿತು.

ಈ 80 ಎಲ್ಲಿಂದ ಬಂತು? ಕಂಪ್ಯೂಟರ್ ಹುಟ್ಟುವ ಮೊದಲೇ ಬಂತು. 1928ರಲ್ಲಿ ಐಬಿಎಂ ಕಂಪನಿ ಆಯತಾಕಾರದ ತೂತುಗಳ ಹೊಸ ಪಂಚ್ ಕಾರ್ಡ್ ತಂದಿತು. ರಟ್ಟಿನ ಆ ಕಾರ್ಡಿನಲ್ಲಿ 80 ಕಂಬಸಾಲು. ಒಂದು ಕಂಬಸಾಲಿಗೆ ಒಂದು ಅಕ್ಷರ. ಮೂರು ದಶಕದ ನಂತರ ಫೋರ್‌ಟ್ರಾನ್ ಭಾಷೆ ಬಂದಾಗ ಒಂದು ಕಾರ್ಡು ಎಂದರೆ ಪ್ರೋಗ್ರಾಮಿನ ಒಂದು ಸಾಲು ಎಂದಾಯಿತು. ಅದರಲ್ಲೂ ಮೊದಲ ಐದು ಜಾಗ ಲೇಬಲ್‌ಗೆ, ಆರನೆಯದು ಹಿಂದಿನ ಸಾಲು ಮುಂದುವರಿದಿದೆ ಎಂದು ತಿಳಿಸುವುದಕ್ಕೆ, 7ರಿಂದ 72ರವರೆಗೆ ನಿಜವಾದ ಕೋಡು. ಉಳಿದ ಎಂಟು ಜಾಗ ಕಾರ್ಡಿನ ಕ್ರಮಸಂಖ್ಯೆಗೆ. ಕಟ್ಟು ಕೈಜಾರಿ ಬಿದ್ದು ಚೆಲ್ಲಾಪಿಲ್ಲಿಯಾದರೆ ಮತ್ತೆ ಜೋಡಿಸಬೇಕಲ್ಲ! ಆಮೇಲೆ ಪರದೆಯ ಟರ್ಮಿನಲ್‌ಗಳು ಬಂದವು, ಕಾರ್ಡಿಗೆ ಒಗ್ಗಿಕೊಂಡವರಿಗಾಗಿ ಅವೂ 80 ಅಕ್ಷರದ ಅಗಲವನ್ನೇ ಇಟ್ಟುಕೊಂಡವು. 1978ರ ಡೆಕ್ ಕಂಪನಿಯ ವಿಟಿ100 ಟರ್ಮಿನಲ್ 80 ಅಕ್ಷರ, 24 ಸಾಲಿನದು. ಇವತ್ತಿನ ಲ್ಯಾಪ್‌ಟಾಪ್‌ನಲ್ಲಿ ಟರ್ಮಿನಲ್ ಕಿಟಕಿ ತೆರೆದರೂ ಬಹಳ ಕಡೆ ಅದೇ ಅಳತೆಯಲ್ಲಿ ತೆರೆದುಕೊಳ್ಳುತ್ತದೆ. ಪಂಚ್ ಕಾರ್ಡನ್ನು ಕಣ್ಣಲ್ಲೂ ನೋಡದ ಹುಡುಗ ಹುಡುಗಿಯರು ಅದರ ಅಂಚಿಗೆ ಬಂದೊಡನೆ ಎಂಟರ್ ಒತ್ತುತ್ತಾರೆ.

ಇಂಥ ಇನ್ನೊಂದು ಪಳೆಯುಳಿಕೆಯನ್ನು ಹೇಳಿ ಮುಂದೆ ಹೋಗುತ್ತೇನೆ. ಟೆಲಿಟೈಪ್ ಯಂತ್ರದಲ್ಲಿ ಸಾಲು ಮುಗಿದಾಗ ಅಚ್ಚಿನ ತಲೆ ಎಡಕ್ಕೆ ಮರಳಬೇಕಿತ್ತು, ಕಾಗದ ಒಂದು ಸಾಲು ಮೇಲೆ ಸರಿಯಬೇಕಿತ್ತು. ಎರಡು ಕೆಲಸಕ್ಕೆ ಎರಡು ಸಂಕೇತ. ಯುನಿಕ್ಸ್ ಒಂದೇ ಸಂಕೇತ ಸಾಕೆಂದಿತು, ಡಾಸ್ ಮತ್ತು ಅದರ ಹಿಂದೆಯೇ ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟು ಲಿನಕ್ಸ್ ಸರ್ವರ್‌ನಲ್ಲಿ ಓಡದೆ ಕೈಕೊಟ್ಟಾಗ, ಎಷ್ಟೋ ಸಲ ಎಂಜಿನಿಯರ್‌ನ ಸಂಜೆಯನ್ನು ಹಾಳುಮಾಡಿದ್ದು ಈ ಯಂತ್ರದ ತಲೆಯೇ.

ಹಾಗಾದರೆ ಹಳೆಯ ಅಭ್ಯಾಸವೆಲ್ಲ ಅಪ್ಪ ನೆಟ್ಟ ಆಲದ ಮರವೇ? ಹೊಸದಾಗಿ ಕರ್ನಲ್ ಕಡೆಗೆ ಬರುವವರು ಹಾಗೇ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕರ್ನಲ್‌ನ ಕೋಡಿಂಗ್ ಶೈಲಿಯ ಕೈಪಿಡಿಯಲ್ಲಿ 80ರ ಜತೆಗೆ ಇನ್ನೊಂದು ನಿಯಮವಿದೆ: ಒಂದು ಟ್ಯಾಬ್ ಎಂದರೆ 8 ಅಕ್ಷರದ ಜಾಗ. ಬೇರೆಲ್ಲ ಕಡೆ ಎರಡು, ಹೆಚ್ಚೆಂದರೆ ನಾಲ್ಕು ಸಾಕು ಎನ್ನುವ ಕಾಲದಲ್ಲಿ ಎಂಟು ಎಂದರೆ ದುಂದು. ಆದರೆ ಲೆಕ್ಕ ಹಾಕಿ ನೋಡಿ. ಷರತ್ತಿನೊಳಗೆ ಷರತ್ತು, ಅದರೊಳಗೆ ಮತ್ತೊಂದು ಎಂದು ಮೂರು ಹಂತ ಒಳಗೆ ಹೋದರೆ 24 ಜಾಗ ಖಾಲಿ ಹೋಯಿತು, ಬರೆಯಲು ಉಳಿದದ್ದು 56. ನಾಲ್ಕನೆಯ ಹಂತಕ್ಕೆ ಇಳಿದರೆ ಉಸಿರಾಡಲೂ ಜಾಗವಿಲ್ಲ. ಮೂರಕ್ಕಿಂತ ಹೆಚ್ಚು ಹಂತ ಬೇಕಾಯಿತೆಂದರೆ ನಿಮ್ಮ ಪ್ರೋಗ್ರಾಮೇ ಕೆಟ್ಟಿದೆ, ಮೊದಲು ಅದನ್ನು ಸರಿಪಡಿಸಿ ಎಂದು ಕೈಪಿಡಿ ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಅಂದರೆ ಅಗಲದ ಮಿತಿ ಹುಟ್ಟಿದ ಕಾರಣ ಸತ್ತು ಎಷ್ಟೋ ವರ್ಷವಾದರೂ, ಅದು ಇನ್ನೊಂದು ಕೆಲಸಕ್ಕೆ ಒದಗಿತು. ಸಿಕ್ಕುಸಿಕ್ಕಾಗಿ ಬರೆಯುವವರ ಕೈ ಕಟ್ಟಿತು. ಚೆಕ್‌ಪ್ಯಾಚ್‌ನ ಮಿತಿಯನ್ನು 100ಕ್ಕೆ ಏರಿಸಿದ್ದು ಸರಿಯೇ. ಟ್ಯಾಬನ್ನು ಎಂಟರಲ್ಲೇ ಬಿಟ್ಟದ್ದು ಇನ್ನೂ ಸರಿ.

ಇನ್ನು ಇಮೇಲ್. ಹೊಸಬರು ಮೂಗು ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಗಿಟ್‌ಹಬ್‌ನಲ್ಲಿ ಒಂದು ಗುಂಡಿ ಒತ್ತಿ ಪುಲ್ ರಿಕ್ವೆಸ್ಟ್ ಕಳಿಸಿ ಅಭ್ಯಾಸವಾದವರಿಗೆ, ಮೂರು ಕೋಟಿಗೂ ಹೆಚ್ಚು ಸಾಲುಗಳ ಕರ್ನಲ್‌ಗೆ ಇಂದಿಗೂ ಬದಲಾವಣೆಗಳು ಬರೀ ಅಕ್ಷರದ ಇಮೇಲ್‌ನಲ್ಲಿ, ಎಲ್ಲರೂ ಓದಬಹುದಾದ ಮೇಲಿಂಗ್ ಲಿಸ್ಟ್‌ಗೆ ಹೋಗುತ್ತವೆ ಎಂದರೆ ನಂಬಿಕೆಯೇ ಬರುವುದಿಲ್ಲ. ಆ ಇಮೇಲ್ ಹೇಗಿರುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡೋಣ. ವಿಷಯದ ಸಾಲಿನ ಮೊದಲಿಗೆ ಚೌಕ ಆವರಣದೊಳಗೆ ‘ಪ್ಯಾಚ್ ವಿ3 2/5’ ಎಂದಿರುತ್ತದೆ. ಐದು ತೇಪೆಗಳ ಸರಣಿಯಲ್ಲಿ ಇದು ಎರಡನೆಯದು, ಇಡೀ ಸರಣಿಯನ್ನು ತಿದ್ದಿ ಮೂರನೇ ಸಲ ಕಳಿಸುತ್ತಿದ್ದೇನೆ ಎಂದರ್ಥ. ಆಮೇಲೆ ಕರ್ನಲ್‌ನ ಯಾವ ಭಾಗಕ್ಕೆ ಸೇರಿದ್ದು ಎಂಬುದು, ಕೋಲನ್ ಚಿಹ್ನೆ, ಏನು ಮಾಡಲಾಗಿದೆ ಎಂಬ ಒಂದು ಪುಟ್ಟ ಸಾಲು. ಒಂದು ಸಾಲು ಖಾಲಿ ಬಿಟ್ಟು, ಈ ಬದಲಾವಣೆ ಏಕೆ ಬೇಕಾಯಿತು ಎಂಬ ವಿವರಣೆ. ಯಾರ ಯಂತ್ರದಲ್ಲಿ ಏನು ಕೆಟ್ಟಿತು, ಯಾವ ಹಳೆಯ ಬದಲಾವಣೆಯಿಂದ ಕೆಟ್ಟಿತು, ಬೇರೆ ದಾರಿ ಇದ್ದರೆ ಅದನ್ನೇಕೆ ಹಿಡಿಯಲಿಲ್ಲ. ಅದರ ಕೆಳಗೆ ‘ಸೈನ್ಡ್-ಆಫ್-ಬೈ’ ಎಂದು ಹೆಸರು, ವಿಳಾಸ. ಆಮೇಲೆ ಮೂರು ಅಡ್ಡಗೆರೆ. ಆ ಗೆರೆಗಳ ಕೆಳಗೆ, ಹೋದ ಸಲಕ್ಕಿಂತ ಈ ಸಲ ಏನು ತಿದ್ದಿದೆ ಎಂಬ ಟಿಪ್ಪಣಿ. ಇದು ಓದುವವರಿಗೆ ಮಾತ್ರ, ಶಾಶ್ವತ ದಾಖಲೆಗೆ ಸೇರುವುದಿಲ್ಲ. ಕೊನೆಯಲ್ಲಿ ಕೋಡು: ತೆಗೆದ ಸಾಲಿನ ಮುಂದೆ ಮೈನಸ್, ಸೇರಿಸಿದ ಸಾಲಿನ ಮುಂದೆ ಪ್ಲಸ್.

ಹೆಸರಿನ ಆ ಸಾಲಿಗೂ ಒಂದು ಕಥೆಯಿದೆ. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ, ತನ್ನ ಯುನಿಕ್ಸ್ ಕೋಡು ಲಿನಕ್ಸ್‌ಗೆ ಸೇರಿಕೊಂಡಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರಿಂದ ಬಂತು, ಕೊಡುವ ಹಕ್ಕು ಅವರಿಗಿತ್ತೇ ಎಂಬ ಪ್ರಶ್ನೆ ಎದ್ದಿತು. 2004ರಿಂದ ಪ್ರತಿ ಪ್ಯಾಚಿಗೂ ಈ ಸಹಿ ಕಡ್ಡಾಯವಾಯಿತು. ನೋಡಲು ಶಿಷ್ಟಾಚಾರದಂತಿದೆ, ಇರುವುದು ಕೋರ್ಟಿನ ಭಯಕ್ಕೆ.

ಇಮೇಲ್‌ಗೆ ಉತ್ತರಿಸುವ ರೀತಿಯೂ ಬೇರೆ. ಬಂದ ಪತ್ರದ ಪ್ರತಿ ಸಾಲಿನ ಮುಂದೆ ‘ಗ್ರೇಟರ್ ದ್ಯಾನ್’ ಚಿಹ್ನೆ ಬೀಳುತ್ತದೆ. ನಿಮಗೆ ಬೇಕಾದ ಐದಾರು ಸಾಲು ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಿ, ಆಕ್ಷೇಪ ಇರುವ ಸಾಲಿನ ಸರಿಯಾಗಿ ಕೆಳಗೇ ನಿಮ್ಮ ಮಾತು ಬರೆಯಬೇಕು. ಹಳ್ಳಿ ಶಾಲೆಯ ಮೇಷ್ಟ್ರು ಉತ್ತರಪತ್ರಿಕೆಯಲ್ಲಿ ತಪ್ಪಿದ ಲೆಕ್ಕದ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರಲ್ಲ, ಹಾಗೆ. ಇಡೀ ಪತ್ರವನ್ನು ಕೆಳಗೆ ಬಾಲದಂತೆ ಬಿಟ್ಟು ತಲೆಯ ಮೇಲೆ ಎರಡು ಸಾಲು ಬರೆದರೆ ಅದು ‘ಟಾಪ್ ಪೋಸ್ಟಿಂಗ್’. ಅಲ್ಲಿ ಅದು ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ಹೋದಷ್ಟೇ ತಪ್ಪು.

ಬೆಂಗಳೂರಿನಿಂದ ಕರ್ನಲ್ ಕೆಲಸ ಮಾಡುವವರಿಗೆ ಕಷ್ಟವಾಗುವುದು ಇಲ್ಲಿ. ಈ ಊರಿಗೆ ಲಿನಕ್ಸ್ ಹೊಸದಲ್ಲ. 2001ರಲ್ಲಿಯೇ ‘ಲಿನಕ್ಸ್ ಬೆಂಗಳೂರು’ ಎಂಬ ಸಮಾವೇಶ ಇಲ್ಲಿ ಶುರುವಾಗಿತ್ತು. ಚಿಪ್ ಕಂಪನಿಗಳ ಕಚೇರಿಗಳಲ್ಲಿ ಡ್ರೈವರ್ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇಮೇಲ್ ಬರೆಯಲು ನಾವು ಕಲಿತದ್ದು ಔಟ್‌ಲುಕ್‌ನಲ್ಲಿ. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಿ, ‘ಪಿಎಫ್‌ಎ’ ಎಂದು ಫೈಲ್ ಅಂಟಿಸಿ, ‘ಪ್ಲೀಸ್ ಡೂ ದಿ ನೀಡ್‌ಫುಲ್’ ಎಂದು ಮುಗಿಸಿ, ಎರಡನೇ ದಿನ ‘ಜೆಂಟಲ್ ರಿಮೈಂಡರ್’ ಹಾಕುವುದು ನಮ್ಮ ಕಚೇರಿ ಧರ್ಮ. ಕರ್ನಲ್‌ನವರಿಗೆ ಅಟ್ಯಾಚ್‌ಮೆಂಟ್ ಬೇಡ, ಏಕೆಂದರೆ ಅಂಟಿಸಿದ ಫೈಲಿನ ಸಾಲುಗಳ ನಡುವೆ ಉತ್ತರ ಬರೆಯಲು ಆಗುವುದಿಲ್ಲ. ಬಣ್ಣದ ಅಕ್ಷರ, ದಪ್ಪ ಅಕ್ಷರ ಬೇಡ. ಎಚ್‌ಟಿಎಂಎಲ್ ಇಮೇಲ್ ಅವರ ಸರ್ವರ್ ಬಾಗಿಲಲ್ಲೇ ನಿಲ್ಲುತ್ತದೆ. ಇನ್ನು ಕಂಪನಿಯ ಸರ್ವರ್ ತಾನಾಗಿ ಅಂಟಿಸುವ ‘ಈ ಸಂದೇಶ ಗೌಪ್ಯ, ಬೇರೆಯವರಿಗೆ ತಲುಪಿದ್ದರೆ ಅಳಿಸಿಹಾಕಿ’ ಎಂಬ ಅಡಿಟಿಪ್ಪಣಿ! ಇಡೀ ಜಗತ್ತು ಓದುವ ಜಾಗಕ್ಕೆ ಗೌಪ್ಯ ಪತ್ರ ಕಳಿಸಿದಂತಾಯಿತು. ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವ ಗ್ರೆಗ್ ಕ್ರೋ-ಹಾರ್ಟ್‌ಮನ್ ಅಂಥ ಪತ್ರಗಳಿಗೆ, ನೀವು ಹೇಳಿದಂತೆಯೇ ಅಳಿಸಿದ್ದೇನೆ ಎಂದು ಉತ್ತರಿಸುವುದುಂಟು.

ಬ್ರೌಸರ್‌ನಲ್ಲಿ ತೆರೆದ ಜಿಮೇಲ್ ಕೂಡ ನಡೆಯುವುದಿಲ್ಲ. ಅದು ಟ್ಯಾಬ್‌ಗಳನ್ನು ಖಾಲಿ ಜಾಗವಾಗಿಸುತ್ತದೆ, ಉದ್ದದ ಸಾಲನ್ನು ತನ್ನಿಷ್ಟಕ್ಕೆ ಮುರಿಯುತ್ತದೆ. ಪ್ಯಾಚು ಅಲ್ಲಿಗೆ ಕೆಟ್ಟಿತು. ಕರ್ನಲ್‌ನ ದಸ್ತಾವೇಜಿನಲ್ಲಿ ಯಾವ ಇಮೇಲ್ ತಂತ್ರಾಂಶ ಆಗುತ್ತದೆ, ಯಾವುದು ಆಗುವುದಿಲ್ಲ ಎಂದೇ ಒಂದು ಪುಟವಿದೆ. ಲೋಟಸ್ ನೋಟ್ಸ್ ಬಗ್ಗೆ ಅದು ಕೊಡುವ ಸಲಹೆ ಒಂದೇ: ಅದರಿಂದ ದೂರ ಓಡಿ.

ಇಷ್ಟೆಲ್ಲ ಕಿರಿಕಿರಿ ಇಟ್ಟುಕೊಂಡು ಏಕೆ ಇನ್ನೂ ಇಮೇಲ್? ಕಾರಣ ಹಟಮಾರಿತನವಷ್ಟೇ ಅಲ್ಲ. ಕರ್ನಲ್‌ನವರು ಒಮ್ಮೆ ಕೈ ಸುಟ್ಟುಕೊಂಡಿದ್ದಾರೆ. 2002ರಿಂದ ಕೋಡು ನಿರ್ವಹಣೆಗೆ ಅವರು ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶ ಬಳಸುತ್ತಿದ್ದರು. ಕಂಪನಿ ಪುಕ್ಕಟೆ ಕೊಟ್ಟಿತ್ತು. ತನ್ನ ತಂತ್ರಾಂಶದ ಒಳಗುಟ್ಟನ್ನು ಬಿಡಿಸಲು ಯಾರೋ ಹೊರಟಿದ್ದಾರೆಂದು ಮುನಿಸಿಕೊಂಡು 2005ರಲ್ಲಿ ಆ ಪುಕ್ಕಟೆ ಪರವಾನಗಿಯನ್ನು ಹಿಂದಕ್ಕೆ ಪಡೆಯಿತು. ಟೊರ್ವಾಲ್ಡ್ಸ್ ಆ ಏಪ್ರಿಲ್‌ನಲ್ಲಿ ಕೆಲವೇ ದಿನ ಕೂತು ಅದಕ್ಕೆ ಬದಲಾಗಿ ಗಿಟ್ ಎಂಬ ತಂತ್ರಾಂಶ ಬರೆದರು. ಇಂದು ಜಗತ್ತಿನ ಬಹುಪಾಲು ಕೋಡು ಗಿಟ್‌ನಲ್ಲೇ ಇದೆ, ಆದರೆ ಅದರ ಮೇಲೆ ಕಟ್ಟಿದ ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್‌ನದು. ಇಮೇಲ್‌ಗೆ ಹಾಗೆ ಮಾಲೀಕರಿಲ್ಲ. ಒಂದು ಕಂಪನಿ ಮುಚ್ಚಿದರೂ, ನೀತಿ ಬದಲಿಸಿದರೂ, ಒಂದು ದೇಶವನ್ನು ಹೊರಗಿಟ್ಟರೂ ಇಮೇಲ್ ನಿಲ್ಲುವುದಿಲ್ಲ. ಹಳೆಯ ಚರ್ಚೆ ಪೂರ್ತಿ ಯಾರು ಬೇಕಾದರೂ ಇಳಿಸಿಟ್ಟುಕೊಳ್ಳಬಹುದಾದ ಕಡತವಾಗಿ ಉಳಿದಿದೆ. ನೆಟ್‌ವರ್ಕ್ ಸರಿಯಿಲ್ಲದ ಊರಿನಲ್ಲಿ ರೈಲಿನಲ್ಲಿ ಕೂತು ಪ್ಯಾಚ್ ಓದಿ ಉತ್ತರ ಬರೆದಿಟ್ಟು, ಸಿಗ್ನಲ್ ಬಂದಾಗ ಕಳಿಸಬಹುದು. ಒಂಬತ್ತು-ಹತ್ತು ವಾರಕ್ಕೊಂದು ಆವೃತ್ತಿ, ಪ್ರತಿಯೊಂದರಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ. ಈ ಪ್ರಮಾಣಕ್ಕೆ ವೆಬ್ ಪುಟದ ಗುಂಡಿಗಳು ಸಾಲವು ಎಂಬುದು ನಿರ್ವಾಹಕರ ವಾದ. ಅದರಲ್ಲಿ ಹುರುಳಿದೆ.

ಎಲ್ಲರೂ ಒಪ್ಪಿಲ್ಲ, ನಿಜ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆ ಚರ್ಚೆಯನ್ನು 2022ರಲ್ಲಿ ವೆಬ್ ವೇದಿಕೆಗೆ ಒಯ್ದಿತು, ಮಾರನೇ ವರ್ಷ ಕೋಡು ಪರಿಶೀಲನೆಯನ್ನು ಗಿಟ್‌ಹಬ್‌ಗೆ ಒಯ್ದಿತು. ಪೈಥಾನ್ ತನ್ನ ದೋಷಪಟ್ಟಿಯನ್ನು 2022ರಲ್ಲಿ ಗಿಟ್‌ಹಬ್‌ಗೆ ಸಾಗಿಸಿತು. ಲಿನಕ್ಸ್ ಡೆಸ್ಕ್‌ಟಾಪ್ ಆದ ಗ್ನೋಮ್ 2018ರಲ್ಲೇ ಅಂಥದ್ದೇ ಗಿಟ್‌ಲ್ಯಾಬ್‌ಗೆ ಹೋಯಿತು. ಯಾವುದೂ ಮುಳುಗಲಿಲ್ಲ. ತಮಾಷೆಯೆಂದರೆ, ಗಿಟ್ ಯೋಜನೆಯೇ ಇನ್ನೂ ಇಮೇಲ್‌ನಲ್ಲಿ ನಡೆಯುತ್ತದೆ. ಆದರೆ ಗಿಟ್‌ಹಬ್‌ನಲ್ಲಿ ಕಳಿಸಿದ್ದನ್ನು ಇಮೇಲ್ ಪ್ಯಾಚ್ ಮಾಡಿ ರವಾನಿಸುವ ‘ಗಿಟ್‌ಗಿಟ್‌ಗ್ಯಾಜೆಟ್’ ಎಂಬ ದಲ್ಲಾಳಿಯನ್ನೂ ಇಟ್ಟುಕೊಂಡಿದೆ. ಕರ್ನಲ್‌ನಲ್ಲೂ ಬಿ4 ಎಂಬ ಸಾಧನ ಬಂದ ಮೇಲೆ, ಕಂಪನಿ ಫೈರ್‌ವಾಲ್ ಹಿಂದೆ ಸಿಕ್ಕಿಕೊಂಡವರೂ ಬೇರೆ ದಾರಿಯಿಂದ ಪ್ಯಾಚ್ ಕಳಿಸಬಹುದು. ಬಾಗಿಲ ಬಳಿ ಹೀಗೆ ಒಂದು ಮೆಟ್ಟಿಲು ಇಟ್ಟುಕೊಟ್ಟರೆ ಒಳಗಿನ ಪದ್ಧತಿ ಹಾಳಾಗುವುದಿಲ್ಲ.

ನಿಜಕ್ಕೂ ಹಳಸಿದ್ದು ಬೇರೆಯೇ ಇತ್ತು: ಬೈಗುಳ. 1995ರಲ್ಲಿ ಇಂಟರ್ನೆಟ್ ಶಿಷ್ಟಾಚಾರದ ಕುರಿತು ಒಂದು ದಸ್ತಾವೇಜು ಹೊರಬಂತು. ಆರ್‌ಎಫ್‌ಸಿ 1855 ಅದರ ಸಂಖ್ಯೆ. ಇಂಗ್ಲಿಷಿನಲ್ಲಿ ಎಲ್ಲ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದಂತೆ, ಸಾಲು 65 ಅಕ್ಷರದೊಳಗಿರಲಿ, ಸಹಿ ನಾಲ್ಕು ಸಾಲು ಮೀರದಿರಲಿ ಎಂದೆಲ್ಲ ಅದರಲ್ಲಿದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ, ಆ ಒಂದು ಪಾಪದಿಂದ ನಾವು ಪಾರು. ಕರ್ನಲ್ ಬಳಗ ಸಾಲಿಗೆ ಅಗಲದ ಮಿತಿ ಇರಬೇಕೆಂಬುದನ್ನು ಭಕ್ತಿಯಿಂದ ಪಾಲಿಸಿತು, ಕಿರುಚಬೇಡಿ ಎಂಬುದನ್ನು ಮಾತ್ರ ಮರೆಯಿತು. 2012ರ ಡಿಸೆಂಬರ್‌ನಲ್ಲಿ ಟೊರ್ವಾಲ್ಡ್ಸ್ ಒಬ್ಬ ಹಿರಿಯ ನಿರ್ವಾಹಕರಿಗೆ ದೊಡ್ಡಕ್ಷರಗಳಲ್ಲೇ ಬಾಯಿ ಮುಚ್ಚಲು ಹೇಳಿದ ಪತ್ರ ಜಗತ್ತಿಗೆಲ್ಲ ಗೊತ್ತು. ಅವರ ಪಾಯಿಂಟು ಸರಿಯಾಗಿತ್ತು: ಕರ್ನಲ್‌ನಲ್ಲಿ ಮಾಡಿದ ಬದಲಾವಣೆಯಿಂದ ಬಳಕೆದಾರರ ಪ್ರೋಗ್ರಾಮು ಕೆಡಬಾರದು. ಆ ನಿಯಮ ಲಿನಕ್ಸ್‌ನ ಬೆನ್ನೆಲುಬು. ಆದರೆ ಅದನ್ನು ನಾಲ್ಕು ನೆಟ್ಟನೆಯ ವಾಕ್ಯದಲ್ಲಿ ಹೇಳಬಹುದಿತ್ತು.

ಯುಎಸ್‌ಬಿ 3.0 ಡ್ರೈವರ್ ಬರೆದಿದ್ದ ಡೆವಲಪರ್ ಒಬ್ಬರು 2013ರಲ್ಲಿ ಈ ಭಾಷೆಯನ್ನು ಎಲ್ಲರೆದುರೇ ಪ್ರಶ್ನಿಸಿದರು. 2015ರಲ್ಲಿ, ಕರ್ನಲ್ ಕೆಲಸ ಬಿಟ್ಟೆನೆಂದೂ ಏಕೆ ಬಿಟ್ಟೆನೆಂದೂ ಬರೆದರು. 2018ರ ಸೆಪ್ಟೆಂಬರ್ 16ರಂದು ಟೊರ್ವಾಲ್ಡ್ಸ್ ತಮ್ಮ ನಡವಳಿಕೆಗೆ ಕ್ಷಮೆ ಕೇಳಿ ಕೆಲವು ವಾರ ಬದಿಗೆ ಸರಿದರು. ಅದೇ ಹೊತ್ತಿಗೆ ಹೊಸ ನೀತಿಸಂಹಿತೆ ಬಂತು. 4.19ನೇ ಆವೃತ್ತಿಯನ್ನು ಕ್ರೋ-ಹಾರ್ಟ್‌ಮನ್ ಬಿಡುಗಡೆ ಮಾಡಿದರು. ಬೈಗುಳ ಇಲ್ಲದಿದ್ದರೆ ಕೋಡಿನ ಗುಣಮಟ್ಟ ಕುಸಿಯುತ್ತದೆ ಎಂದು ಅಂದು ಎದೆ ಬಡಿದುಕೊಂಡವರು ಬಹಳ ಜನ. ಅದಾದ ಮೇಲೂ ಆವೃತ್ತಿಗಳು ಹೊತ್ತಿಗೆ ಸರಿಯಾಗಿ ಬರುತ್ತಲೇ ಇವೆ. ಒರಟುತನವನ್ನು ನೇರವಂತಿಕೆ ಎಂದು ಕರೆದು ಇಪ್ಪತ್ತೇಳು ವರ್ಷ ಸಾಕಿದ್ದರಿಂದ ಆದ ನಷ್ಟಕ್ಕೆ ಲೆಕ್ಕ ಇಟ್ಟವರಿಲ್ಲ. ಬಿಟ್ಟು ಹೋದವರು ಪ್ಯಾಚ್ ಕಳಿಸುವುದಿಲ್ಲವಲ್ಲ.

ಕಾಯುವ ಶಿಷ್ಟಾಚಾರದ ಬಗ್ಗೆಯೂ ಹೇಳಲೇಬೇಕು. ಪ್ಯಾಚ್ ಕಳಿಸಿದ ಮೇಲೆ ಕನಿಷ್ಠ ಒಂದು ವಾರ ಕಾಯಿರಿ, ಆಮೇಲೆ ನೆನಪಿಸಿ ಎನ್ನುತ್ತದೆ ಕರ್ನಲ್ ಕೈಪಿಡಿ. ಎರಡು ಗಂಟೆಯಲ್ಲಿ ಉತ್ತರ ಬರದಿದ್ದರೆ ಮ್ಯಾನೇಜರ್‌ಗೆ ಸಿಸಿ ಹಾಕುವ ಸಂಸ್ಕೃತಿಯಿಂದ ಬಂದವರಿಗೆ ಇದು ಹಿಂದಿನ ಕಾಲದ್ದೆನಿಸುತ್ತದೆ. ಆತುರಪಡಿಸುವುದರ ಬೆಲೆ ಏನೆಂದು 2024ರಲ್ಲಿ ಗೊತ್ತಾಯಿತು. ಎಕ್ಸ್‌ಝಡ್ ಎಂಬುದು ಫೈಲ್ ಕುಗ್ಗಿಸುವ ತಂತ್ರಾಂಶ, ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇರುವಂಥದ್ದು. ನೋಡಿಕೊಳ್ಳುತ್ತಿದ್ದವರು ಫಿನ್‌ಲೆಂಡ್‌ನ ಒಬ್ಬರೇ, ಸಂಬಳವಿಲ್ಲದೆ. 2022ರಲ್ಲಿ ಗುರುತು ಪರಿಚಯವಿಲ್ಲದ ಹೆಸರುಗಳಿಂದ ಅವರಿಗೆ ಪತ್ರ ಬರತೊಡಗಿದವು: ಪ್ಯಾಚ್ ಏಕೆ ತಡ, ನಿಮ್ಮಿಂದಾಗದಿದ್ದರೆ ಬೇರೆಯವರಿಗೆ ಕೊಡಿ. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ ಎಂದು ಆ ಮನುಷ್ಯ ಹೇಳಿಕೊಂಡರೂ ಒತ್ತಡ ನಿಲ್ಲಲಿಲ್ಲ. ಆ ವೇಳೆಗೆ ವಿನಯದಿಂದ, ತಾಳ್ಮೆಯಿಂದ ಸಹಾಯ ಮಾಡುತ್ತಿದ್ದ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿಯ ಕೈಗೆ ಅಧಿಕಾರ ಸೇರಿತು. ಅದೇ ಕೈ 2024ರ ಆರಂಭದ ಎರಡು ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟಿತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರೋಯಿಂಡ್, ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಅದನ್ನು ಹಿಡಿದರು. ಮಾರ್ಚ್ 29ರಂದು ಬಯಲಿಗಿಟ್ಟರು, ಒಂದು ಸಾರ್ವಜನಿಕ ಇಮೇಲ್‌ನಲ್ಲಿ. ಪೀಡಿಸಿದ ಆ ಹಳೆಯ ಪತ್ರಗಳೂ ಬಹಿರಂಗ ಕಡತದಲ್ಲಿ ಇದ್ದದ್ದರಿಂದಲೇ ಸಂಚು ಹೇಗೆ ನಡೆಯಿತೆಂದು ಮರುದಿನವೇ ಜನ ಜೋಡಿಸಿ ನೋಡಲು ಸಾಧ್ಯವಾಯಿತು.

ಆದ್ದರಿಂದ ನನ್ನ ತಕರಾರು ಹಳೆಯ ಪದ್ಧತಿಯ ಮೇಲಲ್ಲ, ಕಾರಣ ಹೇಳದೆ ಪದ್ಧತಿಯನ್ನು ಹೊಸಬರ ತಲೆಗೆ ಕಟ್ಟುವವರ ಮೇಲೆ. 80 ಅಕ್ಷರವನ್ನು ಬಿಡಬಹುದು. ಬೈಗುಳವನ್ನು ಬಿಡಲೇಬೇಕಿತ್ತು. ಬದಲಾವಣೆ ಏಕೆ ಬೇಕಾಯಿತೆಂದು ಬರೆಯುವುದನ್ನು ಮಾತ್ರ ಬಿಡುವಂತಿಲ್ಲ; ಯಂತ್ರವೇ ಕ್ಷಣದಲ್ಲಿ ಕೋಡು ಬರೆದುಕೊಡುವ ಈಗಂತೂ ಬಿಡುವಂತಿಲ್ಲ. ಕರ್ಲ್ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್, ಎಐ ಹೊಸೆದ ಸುಳ್ಳು ದೋಷವರದಿಗಳನ್ನು ಓದಿ ಓದಿ ಸಾಕಾಯಿತೆಂದು 2025ರಲ್ಲಿ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು. ಕೋಡು ಅಗ್ಗವಾಗಿದೆ. ಅದನ್ನು ಓದುವವರ ಸಮಯ ಅಗ್ಗವಾಗಿಲ್ಲ.

ಮೊದಲ ಪ್ಯಾಚ್ ಕಳಿಸಲು ಹೊರಟಿರುವ ಗೆಳೆಯ ಗೆಳತಿಯರಿಗೆ ಎರಡು ಮಾತು. ಕರ್ನಲ್‌ನಲ್ಲಿ ‘ಸ್ಟೇಜಿಂಗ್’ ಎಂಬ ವಿಭಾಗವಿದೆ, ಇನ್ನೂ ಹದಕ್ಕೆ ಬರದ ಡ್ರೈವರ್‌ಗಳು ಅಲ್ಲಿರುತ್ತವೆ, ಕಲಿಯುವವರು ಅಲ್ಲಿಂದ ಶುರುಮಾಡುವುದು ವಾಡಿಕೆ. ಕಂಪನಿಯ ಔಟ್‌ಲುಕ್ ಬದಿಗಿಟ್ಟು ‘ಗಿಟ್ ಸೆಂಡ್-ಇಮೇಲ್’ ಹೊಂದಿಸಿಕೊಳ್ಳಿ. ಚೆಕ್‌ಪ್ಯಾಚ್ ಓಡಿಸಿ. ಪ್ಯಾಚನ್ನು ಮೊದಲು ನಿಮ್ಮ ವಿಳಾಸಕ್ಕೇ ಕಳಿಸಿಕೊಂಡು, ಬಂದ ಇಮೇಲ್‌ನಿಂದ ಅದು ಕೋಡಿಗೆ ಸರಿಯಾಗಿ ಕೂರುತ್ತದೆಯೇ ನೋಡಿ. ಕೂತರೆ ನಿರ್ವಾಹಕರಿಗೆ ಕಳಿಸಿ, ಒಂದು ವಾರ ರಿಮೈಂಡರ್ ಹಾಕಬೇಡಿ.